ದೊಡ್ಡಪತ್ರೆ ಪ್ರೊಫೆಸರು

ಆ ಫಾರ್ಮಸಿ ಕಾಲೇಜಿನಲ್ಲಿ ಪ್ರೊಫೆಸರ್ ರವಿಚಂದ್ರರ ಕೈಗೆ ಸಿಕ್ಕ ಸೊಪ್ಪು ಯಾವತ್ತೂ ಸೋತದ್ದಿಲ್ಲ. ಕರಿಬೇವು ಅರೆದು ಕೊಟ್ಟರೂ ಪ್ರಯೋಗದ ಇಲಿಯ ಲಿವರ್ ಉಳಿಯುತ್ತಿತ್ತು, ನುಗ್ಗೆ ಅರೆದು ಕೊಟ್ಟರೂ ಉಳಿಯುತ್ತಿತ್ತು. ಯಾದವಗಿರಿಯ ತಮ್ಮ ಮನೆಯ ಕಾಂಪೌಂಡಿನೊಳಗಿನ ಗರಿಕೆಯೊಂದನ್ನು ಯಾಕೆ ಬಿಟ್ಟರೋ, ಆ ದೇವರಿಗೇ ಗೊತ್ತು!

ಅವರ ಕೈಕೆಳಗೆ ಎಂ.ಫಾರ್ಮ್ ಮಾಡುತ್ತಿದ್ದ ಗಗನಳಿಗೆ ಮೊದಮೊದಲು ಈ ಮನುಷ್ಯನ ಮೇಲೆ ಭಕ್ತಿಯಿತ್ತು. ಹಳ್ಳಿಯಿಂದ ಬಂದು, ಹಾಸ್ಟೆಲಿನ ನೀರುಸಾರು ಉಂಡು ಮೇಲೆ ಬಂದವರು ಪಾಪ, ಅಂದುಕೊಂಡಿದ್ದಳು. ಬರಬರುತ್ತಾ ತಿಳಿಯಿತು, ಇವರು ಮೇಲೆ ಬಂದದ್ದು ಸೊಪ್ಪಿನ ಕಂತೆ ಹತ್ತಿಕೊಂಡು. ‘ದೊಡ್ಡಪತ್ರೆ ಲಿವರಿಗೆ ಕಾವಲು’ ಎಂದು ಪತ್ರಿಕೆಯಲ್ಲಿ ಫೋಟೊ ಸಮೇತ ಬಂದ ಮೇಲಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸನ್ಮಾನವೇನು, ಶಾಲೇನು!

ಅದೇ ದೊಡ್ಡಪತ್ರೆಯನ್ನು ಮುಂದುವರಿಸು ಎಂದು ಗಗನಳಿಗೆ ವಹಿಸಿದರು. ಅವಳು ನಿಯತ್ತಾಗಿ ಮಾಡಿದಳು. ಒಂದು ಗುಂಪಿನ ಇಲಿಗಳಿಗೆ ಲಿವರ್ ಕೆಡಿಸುವ ವಿಷ ಮಾತ್ರ, ಇನ್ನೊಂದು ಗುಂಪಿಗೆ ವಿಷದ ಜೊತೆಗೆ ಸೊಪ್ಪಿನ ಸಾರ. ಪರೀಕ್ಷಿಸಿ ನೋಡಿದರೆ ಎರಡೂ ಗುಂಪಿನ ಲಿವರುಗಳು ಒಂದೇ ಸಮ ಹಾಳಾಗಿದ್ದವು. ಮತ್ತೆ ಮಾಡಿದಳು. ಮತ್ತೂ ಅದೇ.

“ನಿನ್ನ ಇಲಿಗಳೇ ಸರಿಯಿಲ್ಲ ಕಣಮ್ಮ,” ಎಂದರು ರವಿಚಂದ್ರ. “ಅಂಕಿ ಸ್ವಲ್ಪ ತಿದ್ಕೊಂಡು ಬಾ, ಸಹಿ ಹಾಕ್ತೀನಿ.”

“ಇಲ್ದೇ ಇರೋದನ್ನ ಹೆಂಗ್ ಸಾರ್ ಬರೀಲಿ?”

“ಹಂಗಾದ್ರೆ ಡಿಗ್ರಿ ಇಲ್ದೇನೇ ಮನೆಗೆ ಹೋಗು.”

ಥೂ, ಇವರೂ ಒಬ್ಬ ಮೇಷ್ಟ್ರೇ! ಅವರ ಸಹಿಯಿಲ್ಲದೆ ಪ್ರಬಂಧ ಒಪ್ಪಿಸುವ ಹಾಗಿಲ್ಲ, ಒಪ್ಪಿಸದೆ ಡಿಗ್ರಿ ಇಲ್ಲ. ಗಗನ ಅತ್ತಳು, ಹಲ್ಲು ಕಡಿದಳು, ಮನಸ್ಸಿನಲ್ಲೇ ಬೈದಳು. ಅಂಕಿ ಮಾತ್ರ ಮುಟ್ಟಲಿಲ್ಲ.

ಒಪ್ಪಿಸುವ ಕೊನೆಯ ದಿನ ಹತ್ತಿರ ಬಂದಾಗ ಮಹಾಶಯರೇ ಕಾಮಾಲೆಯಾಗಿ, ಕಣ್ಣೆಲ್ಲ ಹಳದಿಯಾಗಿ ಆಸ್ಪತ್ರೆ ಸೇರಿದರು. ಗಗನ ಪ್ರಬಂಧ ಹಿಡಿದುಕೊಂಡು ಅಲ್ಲಿಗೇ ಹೋದಳು. ವಾರ್ಡಿನ ಬಾಗಿಲಿಗೆ ಬಂದಾಗ ಅವರ ತಾಯಿ ಮಂಗಳಮ್ಮ ದೊಡ್ಡಪತ್ರೆ ರಸದ ಲೋಟ ಹಿಡಿದು ಮಗನನ್ನು ಗೋಗರೆಯುತ್ತಿದ್ದರು.

“ಕುಡ್ದುಬುಡು ಮಗ. ನೀನೇ ಕಂಡುಹಿಡ್ದಿರೋ ಔಸ್ದಿ ಅಲ್ವಾ?”

“ಬ್ಯಾಡ ಕಣವ್ವ.”

“ಮೂಗ್ ಮುಚ್ಕೊಂಡ್ ಕುಡಿಯೋ. ಲಿವರ್ ಕಾಯ್ತದೆ ಅಂತ ಪೇಪರ್‌ನಲ್ಲೇ ಹಾಕ್ಸಿದ್ಯಲ್ಲಾ!”

“ಅಯ್ಯೋ, ಅದ್ರಿಂದ ಏನೂ ಆಗಲ್ಲ ಬುಡವ್ವ!” ರೇಗಿಬಿಟ್ಟರು ರವಿಚಂದ್ರ. ರೇಗಿದ ಮೇಲೆ ಬಾಗಿಲಲ್ಲಿ ನಿಂತಿದ್ದ ಗಗನ ಅವರ ಕಣ್ಣಿಗೆ ಬಿದ್ದಳು.

ಅವಳು ಸೀದಾ ಒಳಗೆ ಬಂದು ಪ್ರಬಂಧವನ್ನು ಅವರ ತೊಡೆಯ ಮೇಲಿಟ್ಟು ಪೆನ್ನು ಚಾಚಿದಳು. “ನಾನೂ ಅದನ್ನೇ ಬರ್ದಿರೋದು ಸಾರ್.”

ಹೆತ್ತ ತಾಯಿಯ ಎದುರಿಗೆ ಆಡಿದ ಮಾತನ್ನು ನುಂಗುವುದು ಹೇಗೆ? ಮೂತಿ ಸಿಂಡರಿಸಿಕೊಂಡು ಸಹಿ ಹಾಕಿದರು. ಗಗನಳಿಗೆ ನಗು ತಡೆಯುವುದೇ ಕಷ್ಟವಾಯಿತು.

ಮಂಗಳಮ್ಮ ಮಾತ್ರ ಲೋಟ ಹಿಡಿದುಕೊಂಡೇ ಮಗನ ಮುಖ ನೋಡುತ್ತಿದ್ದರು.

“ನಮ್ಮನೆ ಕೆಲ್ಸದ ಚಿಕ್ಕಮಾದಮ್ಮ ನಿನ್ ಮಾತ್ ನಂಬ್ಕೊಂಡು, ಲಿವರ್ ಕೆಟ್ಟಿರೋ ಗಂಡನಿಗೆ ಮಾತ್ರೆ ಬುಡ್ಸಿ ದಿನಾ ಇದ್ನೇ ಕುಡುಸ್ತಾವ್ಳಲ್ಲೋ,” ಎಂದರು. “ಈಗ ಅವ್ಳಿಗೆ ನಾನು ಏನಂತ ಹೇಳ್ಲಿ?”