ತಾಯವ್ವ ಹೇಳದ ಹೆಸರು

ಬೀಳಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಹಿಂಡಿ ಅಂಗಡಿ. ಶೇಂಗಾ, ಅಗಸಿ, ಗುರೆಳ್ಳು, ಯಾವ ಚಟ್ನಿಪುಡಿ ಕೇಳಿದರೂ ಒರಳಲ್ಲಿ ಕುಟ್ಟಿದ್ದೇ. ಕುಟ್ಟುವವನು ಲಗಮಪ್ಪ, ಹುರಿದು ಹದ ನೋಡುವವಳು ಹೆಂಡತಿ ತಾಯವ್ವ. ಬಣ್ಣದ ಪಾಕೀಟಿನ ಚಟ್ನಿ ಊರಿಗೆ ಬಂದ ಮೇಲೆ ಗಿರಾಕಿಗಳು ಕಡಿಮೆಯಾದರು. ೨೦೧೮ರ ದೀಪಾವಳಿತನಕ ನೋಡುವುದು, ಆಮೇಲೆ ಅಂಗಡಿ ಮುಚ್ಚಿ ಬಾಡಗಂಡಿಯ ಕಡೆ ಯಾವುದಾದರೂ ಗೇಟಿಗೆ ವಾಚ್‌ಮನ್ ಆಗುವುದು ಎಂದು ಲಗಮಪ್ಪ ತೀರ್ಮಾನಿಸಿಬಿಟ್ಟಿದ್ದ. ಅರವತ್ತರ ಗಂಡ ಕಂಡಕಂಡವರಿಗೆ ಸೆಲ್ಯೂಟ್ ಹೊಡೆಯುವುದನ್ನು ನೆನೆದರೆ ತಾಯವ್ವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಆಗ ಮಗಳು ಮನೀಷಾ, ಜಮಖಂಡಿಯ ಕಾಲೇಜಿನಲ್ಲಿ ಓದುತ್ತಿದ್ದವಳು, ಪಾಡ್‌ಕಾಸ್ಟ್ ಎಂಬ ಹೊಸ ವಿದ್ಯೆ ಹಿಡಿದು ಬಂದಳು. "ರೇಡಿಯೋ ಇದ್ದಂಗ ಯವ್ವಾ. ನೀ ಮೊಬೈಲ್‌ನ್ಯಾಗ ಮಾತಾಡು, ಜನ ತಮಗ ಬೇಕಾದಾಗ ಕೇಳ್ತಾರ. ನಮ್ಮ ಹಿಂಡಿ ಸುದ್ದಿ ಊರೂರಿಗಿ ಮುಟ್ಟತೈತಿ."

ಬಸ್ಸಿನ ಹಾರ್ನ್ ಕೇಳಬಾರದೆಂದು ಒಳಕೋಣೆಯ ಹಗ್ಗಕ್ಕೆ ನಾಲ್ಕು ಕೌದಿ ಇಳಿಬಿಟ್ಟು ಡೇರೆ ಮಾಡಿದಳು. ಸವೆದ ಸೀರೆಯ ತುಂಡುಗಳನ್ನು ದಾಟಿ ಮಧ್ಯಾಹ್ನದ ಬೆಳಕು ಕೆಂಪಗೆ, ಹಸಿರಗೆ ಒಳಗಿಳಿಯಿತು. ಅದರಲ್ಲಿ ಕೂತು ಕಣ್ಣು ಮುಚ್ಚಿದ್ದೇ ತಡ, ತಾಯವ್ವ ಹಿನ್ನೀರಿನಲ್ಲಿ ಮುಳುಗಿದ ತನ್ನ ಊರಿಗೆ ಹೋಗಿಬಿಟ್ಟಳು. ಮಾಳಿಗೆಗಳ ಮೇಲೆ ಒಣಗುವ ಶೇಂಗಾ, ಮುತ್ತವ್ವನ ಕಟ್ಟೆಯ ಬೆಕ್ಕು, ಹುರಿದ ವಾಸನೆ ಹಿಡಿದು ದೋಣಿ ಬಿಟ್ಟು ಓಡಿಬರುವ ಅಂಬಿಗ, ಒಂದನ್ನೂ ಬಿಡಲಿಲ್ಲ. ಊರು ಮುಳುಗಿದ ಮಾತೇ ಬರಲಿಲ್ಲ. ಅವಳ ದನಿಯಲ್ಲಿ ಆ ಓಣಿ ಇನ್ನೂ ಒಣಗಿಯೇ ಇತ್ತು.

"ಅದ ಹಿಂಡಿ ಈಗೂ ನಮ್ಮ ಮನ್ಯಾವ್ರು ಕುಟ್ಟತಾರ್ರೀ. ಬೀಳಗಿಗಿ ಬಂದು ನಮ್ಮ ಮನ್ಯಾವ್ರ ಹೆಸರು ಹೇಳ್ರಿ, ಯಾರ ಬೇಕಾದ್ರೂ ಅಂಗಡಿ ತೋರಸ್ತಾರ" ಎಂದು ಮುಗಿಸಿದಳು.

ಮನೀಷಾಗೂ ಏನೂ ಕೊರೆ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಹುಟ್ಟಿದಾಗಿನಿಂದ ಅವಳು ಕೇಳಿದ್ದು ಅದನ್ನೇ. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆ ಎಂದು ತಾಯವ್ವ ರೇಷನ್ ಕಾರ್ಡಿನವರಿಗೂ ಹೇಳದೆ ಅಂಗಡಿಯ ಬೋರ್ಡಿನ ಕಡೆ ಬೆರಳು ತೋರಿಸಿದವಳು. ಲಗಮಪ್ಪನೇನು ಕಡಿಮೆಯೇ? ಅವನ ಬಾಯಲ್ಲಿ ಹೆಂಡತಿಯ ಹೆಸರೆಂದರೆ 'ಏ, ಕೇಳಿಲ್ಲಿ'.

ಮುಳುಗಡೆಯಾಗಿ ಚೆದುರಿದ ಜನ ಮುಧೋಳದಲ್ಲಿ, ರಬಕವಿಯಲ್ಲಿ ಅದನ್ನು ಕೇಳಿ ಕಣ್ಣೊರೆಸಿಕೊಂಡರು. ಅಂಗಡಿಗೆ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ. ಹತ್ತು ದಿನ ಕಳೆದ ಮೇಲೆ ಲೋಕಾಪುರದ ಹುಲೆಪ್ಪ ಎಂಬವರು ಪಾಡ್‌ಕಾಸ್ಟಿನ ಕೆಳಗೆ ಬರೆದರು: "ಬಸ್‌ಸ್ಟ್ಯಾಂಡ್ ತುಂಬ ಮನ್ಯಾವ್ರ ಹಿಂಡಿ ಎಲ್ಲೈತ್ರಿ ಅಂತ ಕೇಳಿದೆ. ಎಲ್ಲಾರೂ ನಕ್ಕರು. ಕಡೀಕ ಪಾಕೀಟು ತಗೊಂಡು ಬಂದೆ. ತಾಯಿ, ನಿಮ್ಮ ಮನ್ಯಾವ್ರ ಹೆಸರು ಏನ್ರಿ?"

ಮನೀಷಾ ಹಣೆ ಚಚ್ಚಿಕೊಂಡಳು. "ಈ ಸಲ ಹೆಸರು ನಾ ಹೇಳ್ತೀನಿ, ಬಿಡು."

ತಾಯವ್ವ ಕೌದಿಯೊಳಗೆ ಹೋಗಿ ಕೂತಳು. ದೀಪಾವಳಿಗೆ ನಾಲ್ಕೇ ದಿನ ಉಳಿದಿತ್ತು. ಗೇಟಿನಲ್ಲಿ ಯಾವನೋ ಸಾಹೇಬ 'ಏ ಲಗಮ್ಯಾ' ಎಂದು ಕೂಗುವುದು ಕಿವಿಗೆ ಬಿದ್ದಂತಾಯಿತು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಆಮೇಲೆ, ಈಗ ನೀರಿನಡಿ ಇರುವ ಗಂಡನ ಮನೆಯ ಹೊಸ್ತಿಲು ನೆನಪಾಯಿತು. ಮದುವೆಯ ದಿನ ಹೆಂಗಸರು ಅಲ್ಲೇ ಅಡ್ಡ ನಿಂತು, ಗಂಡನ ಹೆಸರಿಟ್ಟು ಪ್ರಾಸ ಕಟ್ಟಿ ಒಡಪು ಹೇಳಿದರೇ ಒಳಗೆ ಬಿಡುತ್ತೇವೆ ಎಂದಿದ್ದರು. ಹೇಳಿದ್ದಳು. ಅದೇ ಮೊದಲು, ಅದೇ ಕೊನೆ.

"ಬ್ಯಾಡ. ನಾನ ಹೇಳ್ತೀನಿ, ಹಚ್ಚು" ಎಂದು ಸೆರಗು ಹೊದ್ದುಕೊಂಡಳು.

"ಹೊಳಿ ನೀರು ಏರಿದ್ರೂ ಹೊಸ್ತಿಲ ನೆನಪೈತಿ,
ಹುರದ ಶೇಂಗಾದ ವಾಸನಿ ಓಣಿತುಂಬ ಐತಿ,
ಲಗಮಪ್ಪನವರ ಹೆಸರು ಅಂಗಡಿ ಮ್ಯಾಲ ಐತಿ."

ಮನೀಷಾ ಅದನ್ನು ಅಂಗಡಿಯಲ್ಲಿ ಕೇಳಿಸಿದಾಗ ಒನಕೆ ನಿಂತಿತು. ಲಗಮಪ್ಪ ಕೈಯ ಪುಡಿ ಒರೆಸಿಕೊಂಡು ಹತ್ತಿರ ಬಂದ. "ಇನ್ನೊಮ್ಮಿ ಹಚ್ಚವಾ" ಎಂದ.

ಪಾಡ್ಯದ ಮರುದಿನ ಹುಲೆಪ್ಪ ಬಂದರು. ಹಿಂದೆ ಇನ್ನೂ ಏಳೆಂಟು ಜನ ಚೀಲ ಹಿಡಿದು ನಿಂತಿದ್ದರು. ಅಂದು ಲಗಮಪ್ಪ ಬಾಡಗಂಡಿಗೆ ಹೊರಡಬೇಕಿತ್ತು. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಒನಕೆ ಹಿಡಿದ.

"ಲಗಮಪ್ಪನವರಂದ್ರ ನೀವ ಏನ್ರಿ? ಮತ್ತ ಆ ಮಾತಾಡಾವ್ರು ಯಾರ್ರೀ?" ಹುಲೆಪ್ಪ ಕೇಳಿದರು.

ಒಳಗೆ ಶೇಂಗಾ ಹುರಿಯುತ್ತಿದ್ದ ತಾಯವ್ವನ ಕೈ ನಿಂತಿತು. ಮೂವತ್ತಾರು ವರ್ಷದಲ್ಲಿ ಒಮ್ಮೆಯೂ ಕೇಳದ್ದು ಆಗ ಕೇಳಿಸಿತು.

"ತಾಯವ್ವ ಅಂತ್ರೀ. ನನ್ನ ಹೇಂತಿ."