ಆಯಮ್ಮ ತೊಳೆದಿಟ್ಟ ಗೊಬ್ಬರದ ಗುಂಡಿ

ಆ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಕಸ ಗುಡಿಸುತ್ತಿದ್ದ ಆಯಮ್ಮನಿಗೆ ಒಂದೇ ಹಠ, ಕಸ ಕಣ್ಣಿಗೆ ಬಿದ್ದರೆ ಮತ್ತೆ ಅಲ್ಲಿರಬಾರದು. ಏಳನೇ ತರಗತಿಯ ಹುಡುಗಿಯರು ಮಾಡಿದ್ದ ಎರೆಹುಳು ಗೊಬ್ಬರದ ಸಿಮೆಂಟ್ ಗುಂಡಿಗೆ ದೊಡ್ಡ ಪ್ರಶಸ್ತಿ ಬಂದಿತ್ತು. ಗುಂಡಿಯನ್ನು ಕಣ್ಣಾರೆ ನೋಡಲು ಪರೀಕ್ಷಕರು ಬರುವವರಿದ್ದರು. ಮಕ್ಕಳ ಮರ್ಯಾದೆ ಉಳಿಯಲಿ ಎಂದು ಆಯಮ್ಮ ಬೆಳಿಗ್ಗೆಯೇ ಬಂದು ಅದನ್ನು ಬಳಿದು, ತಿಕ್ಕಿ, ತೊಳೆದು ಕನ್ನಡಿಯಂತೆ ಮಾಡಿಟ್ಟಳು.

ಹೆಡ್‌ಮೇಷ್ಟ್ರು ಇಣುಕಿ ನೋಡಿ ತಲೆಯ ಮೇಲೆ ಕೈ ಹೊತ್ತರು. "ಆಯಮ್ಮಾ, ಗೊಬ್ಬರ ಎಲ್ಲಮ್ಮಾ? ಹುಳ ಎಲ್ಲಿ?"

"ಗೊಬ್ಬರ ಕಸದ ಗಾಡಿಗೆ ಹೋಯ್ತು ಸಾರ್. ಹುಳ ಪಾಪ ಜೀವ ಅಲ್ವಾ, ಬಕೆಟ್ಟಲ್ಲಿವೆ. ಅವಕ್ಕೂ ಸ್ನಾನ ಆಗಿದೆ."

"ಇನ್ನು ಪ್ರಶಸ್ತಿ ವಾಪಸ್ಸೇ!" ಎಂದು ಹುಡುಗಿಯೊಬ್ಬಳು ಗೊಳೋ ಅಂತ ಅತ್ತಳು. ಜೀವಮಾನದಲ್ಲೇ ಮೊದಲ ಸಲ ಆಯಮ್ಮ ಕಸ ಬೇಡಲು ಬೀದಿಗಿಳಿದಳು. "ಅಕ್ಕಾ, ಒಂಚೂರು ಸಿಪ್ಪೆ ಇದ್ರೆ ಕೊಡಿ."

ಪರೀಕ್ಷಕರು ಬರುವ ಹೊತ್ತಿಗೆ ಗುಂಡಿ ತುಂಬಿತ್ತು. ಸಿಪ್ಪೆಯ ಮೇಲೆ ಹುಳಗಳು ಫಳಫಳ ಹೊಳೆಯುತ್ತಿದ್ದವು.

"ಎಲ್ಲಾ ಹೊಸಾ ಕಸ! ಗೊಬ್ಬರ ಎಲ್ಲಿ?" ಎಂದರು ಹಿರಿಯ ಪರೀಕ್ಷಕರು.

"ನಾನೇ ಗುಡಿಸಿ ಹಾಕ್ದೆ ಸಾರ್. ಬೈಯೋದಿದ್ರೆ ನನ್ನ ಬೈಯಿರಿ, ಮಕ್ಕಳನ್ನಲ್ಲ."

ಅವರು ಹೊಟ್ಟೆ ಹಿಡಿದು ನಕ್ಕರು. ಮಕ್ಕಳು ಕೊಟ್ಟ ಬಾಳೆಹಣ್ಣು ಸುಲಿಯುತ್ತಾ ಹೇಳಿದರು, "ಪ್ರಶಸ್ತಿ ಮಕ್ಕಳಿಗೇ ಇರ್ಲಿ. ಆದ್ರೆ ನಿಮ್ಮ ಪೊರಕೆ ಮಾತ್ರ ಇತ್ತ ಬರಬಾರದು."

ಆಯಮ್ಮ ತಲೆಯಾಡಿಸಿದಳು. ಗುಂಡಿಗೆ ಹಾಕಲೆಂದು ಅವರು ತಿನ್ನುತ್ತಿದ್ದ ಬಾಳೆಹಣ್ಣಿನ ಸಿಪ್ಪೆಗೆ ಆಗಲೇ ಕೈ ಚಾಚಿದ್ದಳು.