ಗೋಡೆಯ ಮೇಲಿನ ಗಂಗಮ್ಮ

ಹೊಳೆ ಎಲ್ಲಿಯವರೆಗೆ ಬರಬಹುದು ಎಂದು ನಕ್ಷೆಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಇದನ್ನು ಹುಟ್ಟಾ ಅಂಜುಬುರುಕನ ಕೈಗೆ ಕೊಡಬಾರದಿತ್ತು. ವಿದ್ಯಾನಗರದ ನಮ್ಮ ಮನೆ ಎರಡನೇ ಮಹಡಿಯಲ್ಲಿದೆ, ಹತ್ತಿರದಲ್ಲಿ ಹೊಳೆಯಿಲ್ಲ. ಆದರೂ ಜೋರು ಮಳೆ ಬಂದರೆ, ಗ್ಯಾಸ್ ಸಿಲಿಂಡರ್ ತುಂಬಿದ್ದಾಗ ತೇಲುತ್ತದೋ ಖಾಲಿಯಿದ್ದಾಗ ತೇಲುತ್ತದೋ ಎಂದು ಯೋಚಿಸುತ್ತ ಕೂರುತ್ತೇನೆ. ಹೆಂಡತಿ ಇದಕ್ಕೆ ಉತ್ತರ ಕೊಡುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಓಣಿಗಳು ನನ್ನ ಪಾಲಿಗೆ ಬಂದಿದ್ದವು. ನೆಲದ ಎತ್ತರವನ್ನು ಯಂತ್ರ ಹೇಳುತ್ತದೆ. ಹಳೆಯ ನೆರೆ ಎಲ್ಲಿಯವರೆಗೆ ಏರಿತ್ತು ಎಂಬುದನ್ನು ಮಾತ್ರ ಜನರೇ ಹೇಳಬೇಕು. ಒಬ್ಬರು ಮೊಣಕಾಲು ಎಂದರೆ ಪಕ್ಕದವರು ಸೊಂಟ ಎನ್ನುತ್ತಾರೆ. ಪರಿಹಾರ ಕೊಡಲು ಬಂದವನೆಂದು ತಿಳಿದರೆ ನೀರು ಏರುತ್ತದೆ, ಮನೆ ತೆರವು ಮಾಡಿಸಲು ಬಂದವನೆಂದರೆ ಇಳಿಯುತ್ತದೆ. ಗೋಡೆಯ ಕಲೆಯನ್ನಾದರೂ ನೋಡೋಣವೆಂದರೆ ಹಬ್ಬಕ್ಕೊಮ್ಮೆ ಸುಣ್ಣ.

ಹೀಗಿರುವಾಗ ಒಂದು ಓಣಿಯ ಕೊನೆಯ ಮನೆಯ ಪಡಸಾಲೆಯಲ್ಲಿ, ಗೋಡೆಗೆ ಹಚ್ಚಿದ ಅರಿಶಿನ ಕುಂಕುಮದ ದಪ್ಪ ಬೊಟ್ಟೊಂದು ಕಂಡಿತು. ಅದು ಗಂಗಮ್ಮನ ಗುರುತು ಎಂದರು ಮನೆಯ ಅಜ್ಜಿ. ನೆರೆ ಒಳಗೆ ಬಂದ ವರ್ಷ, ತಾಯಿಯೇ ಬಂದು ಹೋದಳೆಂದು ನೀರು ಮುಟ್ಟಿದ ಜಾಗಕ್ಕೆ ಬೊಟ್ಟಿಟ್ಟು, ಅಂದಿನಿಂದ ಪೂಜೆ ಮಾಡುತ್ತಿದ್ದರಂತೆ. ಕುಂಕುಮವಿಟ್ಟ ಗುರುತಿನಲ್ಲಿ ಯಾರು ಸುಳ್ಳಾಡುತ್ತಾರೆ? ಬೊಟ್ಟು ನನ್ನ ಎದೆಮಟ್ಟಕ್ಕಿತ್ತು. ಅಳತೆ ಕೋಲು ಹಿಡಿದು ಬರೆದುಕೊಂಡೆ, ಫೋಟೊ ತೆಗೆದೆ, ಅಜ್ಜಿ ಕೊಟ್ಟ ಮಂಡಕ್ಕಿ ತಿಂದೆ. ಪಕ್ಕದಲ್ಲಿ ಹತ್ತಿಯ ಹಾಸಿಗೆ ಹೊಲಿಯುವ ಗಾದಿ ಅಂಗಡಿಯಿತ್ತು. ಶುಕ್ರವಾರದ ಮಧ್ಯಾಹ್ನ, ನಮಾಜಿಗೆ ಬಾಗಿಲು ಹಾಕಿತ್ತು. ಕಾಯಲಿಲ್ಲ.

ಆ ಬೊಟ್ಟಿನ ಆಧಾರದಲ್ಲಿ ಇಡೀ ಓಣಿ ಕೆಂಪು ವಲಯಕ್ಕೆ ಹೋಯಿತು. ಕೆಂಪು ಎಂದರೆ ಹೆಚ್ಚು ಅಪಾಯದ ಜಾಗ. ನನಗೆ ಒಳಗೊಳಗೇ ಸಮಾಧಾನವಾಯಿತೆಂದು ಒಪ್ಪಿಕೊಳ್ಳಬೇಕು. ಹೆಚ್ಚು ಹೇಳಿ ಬೈಸಿಕೊಳ್ಳಬಹುದು, ಕಡಿಮೆ ಹೇಳಿ ಯಾರನ್ನೂ ಮುಳುಗಿಸಬಾರದು ಎಂಬುದು ನನ್ನಂಥವರ ಸಿದ್ಧಾಂತ.

ಆರೇಳು ತಿಂಗಳಾದ ಮೇಲೆ ಪಿ.ಜೆ. ಬಡಾವಣೆಯ ನಮ್ಮ ಕಚೇರಿಗೆ ಆ ಗಾದಿ ಅಂಗಡಿಯವರು ಬಂದರು. ವಯಸ್ಸಾದವರು, ಗಡ್ಡದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ವರ್ಷಾ ವರ್ಷಾ ಆಗುತ್ತಿದ್ದ ಅಂಗಡಿಯ ವಿಮೆಯನ್ನು ಈ ಸಲ ವಿಮೆಯವರು, ಜಾಗ ಕೆಂಪು ವಲಯದಲ್ಲಿದೆ ಎಂದು ಹೇಳಿ, ನವೀಕರಿಸಲಿಲ್ಲವಂತೆ. ವಿಮೆಯಿಲ್ಲದ ಅಂಗಡಿಗೆ ವ್ಯಾಪಾರಿ ಸಾಲದ ಮೇಲೆ ಹತ್ತಿ ಇಳಿಸುವುದಿಲ್ಲ. ಮದುವೆ ಸುಗ್ಗಿಗೆ ಮುಂಚೆ ಹತ್ತಿ ಬರದಿದ್ದರೆ ಅಂಗಡಿ ಮುಚ್ಚುವುದೊಂದೇ ದಾರಿ. ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಕಷ್ಟವಾಯಿತು.

“ಆ ವರ್ಷ ನೀರು ಬಂದಿದ್ದು ಖರೇ ಸಾಹೇಬ್ರ. ಮಂಚದ ಕಾಲು ತೊಯ್ದಿದ್ವು, ಮ್ಯಾಲಿನ ಗಾದಿಗೆ ಹನಿ ತಾಗಿರ್ಲಿಲ್ಲ. ನಿಮ್ಮ ನಕ್ಷೆದಾಗ ನೋಡಿದ್ರ ನಾನು ಮುಳುಗೇ ಹೋಗೀನಿ.”

ರಾತ್ರಿಯ ನಿದ್ದೆ ಅಲ್ಲಿಗೆ ಮುಗಿಯಿತು. ಮಾರನೇ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ. ಅಜ್ಜಿಯ ಪಡಸಾಲೆಗೆ ಹೋಗಿ ನೋಡಿದರೆ ಬೊಟ್ಟು ಎದೆಮಟ್ಟದಲ್ಲಿರಲಿಲ್ಲ, ನನ್ನ ಭುಜಕ್ಕೆ ಬಂದಿತ್ತು. ಐವತ್ತು ದಾಟಿದವರು ಕುಗ್ಗುತ್ತಾರೆ ಎಂದು ಎಲ್ಲೋ ಓದಿದ್ದೆ. ಒಂದು ಗಳಿಗೆ ನಾನೇ ಕುಗ್ಗಿದೆನೆಂದು ಗಾಬರಿಯಾದೆ. ಆಮೇಲೆ ಅಜ್ಜಿಯನ್ನು ಕೇಳಿದೆ.

“ಮೊದ್ಲು ಹೊಸ್ತಿಲ ಮ್ಯಾಲ ಒಂದು ಗೇಣಿಗೆ ಇತ್ತಪ್ಪ,” ಎಂದರು. “ಕಸಬರಿಗಿ ತಾಗ್ತಿತ್ತು, ಮೊಮ್ಮಕ್ಳು ಕಾಲು ತಾಗಿಸೋವು. ತಾಯಿಗೆ ಕಾಲು ತಾಗಿದ್ರ ಹೆಂಗೆ? ಸುಣ್ಣ ಹೊಡ್ದಾಗೆಲ್ಲ ಒಂದೀಟು ಮ್ಯಾಲಕ್ಕ ಇಡ್ತಾ ಬಂದೆ.”

ಹಾಗಾದರೆ ನೀರು ಇಷ್ಟು ಎತ್ತರ ಬಂದಿರಲಿಲ್ಲವೇ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಎದೆಮಟ್ಟವೆಂದರೆ ಅವರ ಮೂಗಿನ ಮಟ್ಟ ಎಂಬುದು ಆಗ ನನಗೆ ಹೊಳೆಯಿತು.

“ಅಷ್ಟು ಬಂದಿದ್ರ ಇವತ್ತು ನಿನ್ನ ಕೂಡ ಮಾತಾಡಾಕ ಯಾರು ಇರ್ತಿದ್ರು?”

ಪಕ್ಕದ ಅಂಗಡಿಯಲ್ಲಿ ಆ ಹಳೇ ಮಂಚ ಇನ್ನೂ ಇತ್ತು. ಕಾಲಿನ ಮರ ಕಪ್ಪಾದದ್ದು ಗೇಣಿಗೂ ಸ್ವಲ್ಪ ಕಡಿಮೆ. ಓಣಿಯ ಎಂಟು ಮನೆಗಳಿಗೆ ಹೋಗಿ ಕೇಳಿ, ಮತ್ತೆ ಅಳತೆ ಮಾಡಿದೆ. ತಪ್ಪೊಪ್ಪಿಗೆಯ ಪತ್ರ ಬರೆಯಲು ಎರಡು ದಿನ ಹಿಡಿಯಿತು. ದೇವರ ಮೇಲಿನ ಗೌರವದಿಂದ ನೆರೆಯ ಮಟ್ಟ ಏರಿದೆ ಎಂಬುದನ್ನು ಕಚೇರಿಯ ಭಾಷೆಯಲ್ಲಿ ಹೇಳುವುದು ಹೇಗೆ? ಮೇಲಿನವರು ಓದಿ ನಕ್ಕರು, ಆಮೇಲೆ ಬೈದರು, ಕೊನೆಗೆ ಒಪ್ಪಿದರು. ಅಜ್ಜಿಯ ಮನೆ ತಗ್ಗಿನಲ್ಲಿದ್ದುದರಿಂದ ಕೆಂಪಿನಲ್ಲೇ ಉಳಿಯಿತು. ಗಾದಿ ಅಂಗಡಿ ಹಳದಿಗೆ, ಅಂದರೆ ಕಡಿಮೆ ಅಪಾಯದ ವಲಯಕ್ಕೆ, ಬಂತು. ಸಹಿ ಹಾಕುವಾಗ, ಬರುವ ಮಳೆಗಾಲದಲ್ಲಿ ಹೊಳೆ ನನ್ನ ಗೆರೆ ದಾಟಿದರೆ ಎಂಬ ಭಯ ಶುರುವಾಯಿತು. ಅದು ಈಗಲೂ ಇದೆ.

ವಿಮೆ ಸಿಕ್ಕಿ, ಹತ್ತಿ ಇಳಿದ ದಿನ ಮನಸ್ಸು ತಡೆಯದೆ ಅಂಗಡಿಗೆ ಹೋದೆ. ಮೂಟೆಗಳೆಲ್ಲ ನೆಲದ ಮೇಲಿದ್ದವು.

“ಹಳದಿ ಅಂದ್ರ ಇನ್ನ ನೀರು ಬರಲ್ಲ ಅನ್ರಿ,” ಎಂದರು ಅವರು.

“ಬರೋದು ಕಡಿಮೆ ಅಂತ ಅಷ್ಟೇ. ಮೂಟೆ ಅಟ್ಟಕ್ಕೆ ಏರಿಸಿಬಿಡ್ರಿ.”

“ಖುಷಿಪಡಾಕೂ ಬಿಡಂಗಿಲ್ಲ ನೀವು,” ಎಂದು ಗೊಣಗುತ್ತಲೇ ಅವರು ಏಣಿ ಹಾಕಿದರು. ನಾನು ಕೆಳಗಿನಿಂದ ಎತ್ತಿ ಕೊಟ್ಟೆ. ನಾಲ್ಕನೇ ಮೂಟೆಗೆ ನನ್ನ ಸೊಂಟ ಹಿಡಿಯಿತು. ಹೊಸ ಗಾದಿಯೊಂದನ್ನು ಹಾಸಿ ನನ್ನನ್ನು ಮಲಗಿಸಿ, ಉಳಿದವನ್ನು ಅವರೊಬ್ಬರೇ ಏರಿಸಿದರು.